ಮಣೂಕದ ದಾರಿ, ಡಾಲರ್ ದಾರಿ

ಈ ಸಲ ಐದು ಪತ್ರ ಆರಿಸಿದ್ದೇನೆ. ಐದೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವು. ಎಲ್ಲರೂ ಕೇಳಿದ್ದು ಅರ್ಥಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಹಣಕಾಸು ಓದುವ ಬಗ್ಗೆ. ವಿಜಯಪುರದ ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷಗಳಿಂದ ನಾನು ಪಾಠ ಮಾಡುತ್ತಿರುವುದೂ ಇದೇ ಪೇಪರ್. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನನ್ನ ಅಣ್ಣನದೂ ದ್ರಾಕ್ಷಿ ತೋಟ. ಹಾಗಾಗಿ ಆ ಪ್ರಶ್ನೆ ನಮ್ಮ ಮನೆಯದೂ ಹೌದು.

ಪ್ರಶ್ನೆ: ಮೇಡಂ, ನಮ್ಮದು ತಿಕೋಟಾ ಹತ್ತಿರದ ಹಳ್ಳಿ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಅಪ್ಪನದು ನಾಲ್ಕು ಎಕರೆ ದ್ರಾಕ್ಷಿ, ಮಣೂಕ ಅಂದರೆ ಒಣದ್ರಾಕ್ಷಿ ಮಾಡುತ್ತೇವೆ. ವ್ಯಾಪಾರ ಮಾಡಿದರೆ ಎರಡೂ ದೇಶಕ್ಕೆ ಲಾಭ ಎಂದು ರಿಕಾರ್ಡೊ ಪಾಠದಲ್ಲಿ ಓದಿದೆ. ಹಾಗಾದರೆ ಹೊರದೇಶದ ಮಣೂಕ ಬಂದಾಗ ನಮ್ಮ ರೇಟ್ ಯಾಕೆ ಬೀಳುತ್ತೆ? ಅಪ್ಪ ಕೇಳಿದರು, ನನಗೆ ಉತ್ತರ ಹೇಳಲು ಬರಲಿಲ್ಲ. ಸಿದ್ಧಾಂತವೇ ಸುಳ್ಳಾದರೆ ಇದರಲ್ಲಿ ಎಂ.ಎ. ಮಾಡುವ ಆಸೆ ಬಿಟ್ಟುಬಿಡಲಾ?

ಬಿಡಬೇಡ ತಂಗಿ. ನಿಮ್ಮ ಅಪ್ಪ ಕೇಳಿದ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡವರು ಇನ್ನೂರು ವರ್ಷ ಕೆಲಸ ಮಾಡಿದ್ದಾರೆ. ಅದು ಮನೆಯಲ್ಲೇ ಹುಟ್ಟಿದೆ ಎಂದರೆ ಈ ವಿಷಯ ಓದಲು ನಿನಗಿಂತ ಬೇರೆಯವರು ಬೇಕಾ?

ಮೊದಲು ರಿಕಾರ್ಡೊ ಹೇಳಿದ್ದನ್ನು ಸರಿಯಾಗಿ ಹಿಡಿಯೋಣ. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇಂಗ್ಲೆಂಡ್ ಮತ್ತು ಪೋರ್ಚುಗಲ್, ಬಟ್ಟೆ ಮತ್ತು ವೈನ್ ಇಟ್ಟುಕೊಂಡು ಉದಾಹರಣೆ ಕೊಟ್ಟ. ಅವನ ಲೆಕ್ಕದಲ್ಲಿ ಎರಡನ್ನೂ ಕಡಿಮೆ ಶ್ರಮದಲ್ಲಿ ಮಾಡುವ ದೇಶ ಪೋರ್ಚುಗಲ್. ಆದರೂ ಅದು ಬಟ್ಟೆಯನ್ನು ಇಂಗ್ಲೆಂಡ್‌ನಿಂದ ಕೊಳ್ಳುವುದೇ ಲಾಭ. ಇದು ಮೊದಲ ಸಲ ಯಾರ ತಲೆಗೂ ಹೋಗುವುದಿಲ್ಲ. ನಾನು ಕ್ಲಾಸಿನಲ್ಲಿ ನಮ್ಮ ಅಡುಗೆಮನೆಯ ಲೆಕ್ಕ ಹಾಕಿಸುತ್ತೇನೆ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದು ತಾಸಿಗೆ 40 ಜೋಳದ ರೊಟ್ಟಿ ಬಡಿಯುತ್ತಾರೆ ಅಂತ ಇಟ್ಟುಕೋ. ಅದೇ ತಾಸು ಶೇಂಗಾ ಸುಲಿದರೆ 4 ಕಿಲೋ ಸುಲಿಯುತ್ತಾರೆ. ನಾನು ತಾಸಿಗೆ 10 ರೊಟ್ಟಿ, ಇಲ್ಲವೇ 2 ಕಿಲೋ ಶೇಂಗಾ. ಎರಡರಲ್ಲೂ ವೈನಿಯೇ ಮುಂದು. ಆದರೆ ವೈನಿ 1 ಕಿಲೋ ಶೇಂಗಾ ಸುಲಿಯಲು ಕೂತರೆ 10 ರೊಟ್ಟಿ ಹೋಗುತ್ತೆ. ನಾನು ಕೂತರೆ 5 ರೊಟ್ಟಿ ಮಾತ್ರ ಹೋಗುತ್ತೆ. ಈಗ ವೈನಿ ಶೇಂಗಾ ಬಿಟ್ಟು ಅರ್ಧ ತಾಸು ರೊಟ್ಟಿ ಬಡಿಯಲಿ: 2 ಕಿಲೋ ಶೇಂಗಾ ಕಮ್ಮಿ, 20 ರೊಟ್ಟಿ ಹೆಚ್ಚು. ನಾನು ಒಂದು ತಾಸು ರೊಟ್ಟಿ ಬಿಟ್ಟು ಶೇಂಗಾ ಸುಲಿಯುತ್ತೇನೆ: 10 ರೊಟ್ಟಿ ಕಮ್ಮಿ, 2 ಕಿಲೋ ಶೇಂಗಾ ಹೆಚ್ಚು. ಶೇಂಗಾ ಇದ್ದಷ್ಟೇ ಇದೆ. ಬುಟ್ಟಿಯಲ್ಲಿ 10 ರೊಟ್ಟಿ ಜಾಸ್ತಿ ಬಂತು. ಯಾರೂ ಹೆಚ್ಚು ದುಡಿಯಲಿಲ್ಲ, ಕೆಲಸ ಅದಲುಬದಲು ಮಾಡಿಕೊಂಡೆವು ಅಷ್ಟೇ. ಇದು ಸುಳ್ಳಲ್ಲ. ಪೆನ್ನು ಹಿಡಿದು ಅಪ್ಪನ ಮುಂದೆಯೇ ಲೆಕ್ಕ ಮಾಡಿ ತೋರಿಸು.

ಆದರೆ ಈ ಲೆಕ್ಕದ ಒಳಗೆ ಎರಡು ಮಾತು ಅಡಗಿವೆ. ಒಂದು, ನಾನು ಥಟ್ಟನೆ ರೊಟ್ಟಿ ಬಿಟ್ಟು ಶೇಂಗಾಕ್ಕೆ ಕೂತೆ. ನನಗೆ ಬೇಕಾದದ್ದು ಎರಡು ಕೈ ಮಾತ್ರ. ಎರಡು, ಹೆಚ್ಚಾದ 10 ರೊಟ್ಟಿಯನ್ನು ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು.

ನಿಮ್ಮ ತೋಟಕ್ಕೆ ಇವೆರಡೂ ಹೊಂದುವುದಿಲ್ಲ, ಅಲ್ವಾ? ಥಾಮ್ಸನ್ ಸೀಡ್‌ಲೆಸ್ ಹಚ್ಚಿ, ಆ್ಯಂಗಲ್ ನೆಟ್ಟು, ತಂತಿ ಎಳೆದು, ಬೋರ್ ಹೊಡೆಸಿ, ಡ್ರಿಪ್ ಹಾಕಿ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕೆ ಎರಡು ಸಲ ಟೊಂಗೆ ಕತ್ತರಿಸಿ ಬೆಳೆಸಿದ ಬಳ್ಳಿ ಅದು. ಮಣೂಕದ ರೇಟ್ ಬಿತ್ತು ಅಂತ ಈ ವರ್ಷ ಕಿತ್ತು ತೊಗರಿ ಬಿತ್ತಲು ಆಗುವುದಿಲ್ಲ. ಹಣ ಮಣ್ಣಿನಲ್ಲಿ ಹೂತುಹೋಗಿದೆ, ಸಾಲ ಸೊಸೈಟಿಯ ಪುಸ್ತಕದಲ್ಲಿ ಕೂತಿದೆ. ಹೀಗೆ ಒಂದೇ ಕಸುಬಿಗೆ ಕಟ್ಟಿಬಿದ್ದ ಬಂಡವಾಳವನ್ನು ಲೆಕ್ಕಕ್ಕೆ ತಂದವರು 1971ರಲ್ಲಿ ರೊನಾಲ್ಡ್ ಜೋನ್ಸ್ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್. ಇಬ್ಬರೂ ಬೇರೆ ಬೇರೆಯಾಗಿ ಬರೆದರು. ಎಂ.ಎ.ದಲ್ಲಿ ನಿನಗೆ ಈ ಮಾದರಿ ಬರುತ್ತೆ. ಅದು ಹೇಳುವುದು ಇಷ್ಟು: ಆಮದಿನಿಂದ ಬೆಲೆ ಬಿದ್ದರೆ, ಆ ಬೆಳೆಗೇ ಅಂಟಿಕೊಂಡ ಬಂಡವಾಳದವನಿಗೆ ನಷ್ಟ ಖಂಡಿತ. ಅದಕ್ಕೂ ಮೊದಲೇ 1941ರಲ್ಲಿ ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಇನ್ನೊಂದು ರೀತಿಯಲ್ಲಿ ಇದನ್ನೇ ತೋರಿಸಿದ್ದರು. ವ್ಯಾಪಾರದಿಂದ ದೇಶಕ್ಕೆ ಲಾಭವಾದರೂ ದೇಶದ ಒಳಗೆ ಒಂದು ವರ್ಗ ನಿಜವಾಗಿಯೇ ಬಡವಾಗಬಹುದು.

ಈಗ ಪಂಕ್ತಿಯ ಮಾತು. ಮಣೂಕ ಕಿಲೋಗೆ ಕೆಲವು ರೂಪಾಯಿ ಅಗ್ಗವಾದರೆ ಲಾಭ ಯಾರಿಗೆ? ಬೇಕರಿಯವರಿಗೆ, ಲಾಡು ಕಟ್ಟುವವರಿಗೆ, ಮನೆಯಲ್ಲಿ ಪಾಯಸ ಮಾಡುವ ಕೋಟ್ಯಂತರ ಜನರಿಗೆ. ಒಬ್ಬೊಬ್ಬರಿಗೆ ಸಿಕ್ಕಿದ್ದು ಚಿಲ್ಲರೆ ಕಾಸು. ಅವರಿಗೆ ಅದು ಗೊತ್ತೂ ಆಗುವುದಿಲ್ಲ. ನಷ್ಟ ಮಾತ್ರ ತಿಕೋಟಾ, ಬಬಲೇಶ್ವರ, ಆ ಕಡೆ ಸಾಂಗಲಿ, ತಾಸಗಾಂವದ ಶೆಡ್ಡುಗಳ ಮೇಲೆ ಒಮ್ಮೆಲೇ ಬೀಳುತ್ತೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ. ಮಣೂಕದ ಬೆಲೆಯಲ್ಲಿ ಹತ್ತು ರೂಪಾಯಿ ಹೋದರೆ ತೋಟದಲ್ಲಿ ನಿಂತ ಹಣ್ಣಿನ ಮೇಲೆ ಏನಾಗುತ್ತೆ ಎಂದು ನಿನ್ನ ಅಪ್ಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಮಾತು ಸ್ಪಷ್ಟವಾಗಿದೆ. "ಒಟ್ಟು ಲಾಭ ಒಟ್ಟು ನಷ್ಟಕ್ಕಿಂತ ಜಾಸ್ತಿ" ಅನ್ನುವುದು ಅರ್ಧ ವಾಕ್ಯ. ಲಾಭ ಆದವರಿಂದ ತೆಗೆದು ನಷ್ಟ ಆದವರಿಗೆ ಯಾರು, ಯಾವಾಗ, ಹೇಗೆ ಕೊಡುತ್ತಾರೆ ಅನ್ನುವುದು ಉಳಿದ ಅರ್ಧ. ಪಠ್ಯಪುಸ್ತಕಗಳು ಆ ಅರ್ಧವನ್ನು ಒಂದು ಪ್ಯಾರಾದಲ್ಲಿ ಮುಗಿಸುತ್ತವೆ. ಅಲ್ಲಿ ನಿನ್ನಂಥವರು ಬೇಕು.

ಹಾಗಂತ "ಬಾಗಿಲು ಹಾಕಿಬಿಡಿ" ಅಂತಲೂ ನಾನು ಹೇಳುವುದಿಲ್ಲ. ಬಾಗಿಲು ಎರಡೂ ಕಡೆಯಿಂದ ಬಡಿಯುತ್ತೆ. 2023ರ ಆಗಸ್ಟ್‌ನಲ್ಲಿ ಸರಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ 40% ಸುಂಕ ಹಾಕಿತು. ಡಿಸೆಂಬರ್ 8ಕ್ಕೆ ರಫ್ತನ್ನೇ ನಿಲ್ಲಿಸಿತು. ಮರುವರ್ಷ ಮೇ ತಿಂಗಳಲ್ಲಿ ತೆರೆದಾಗಲೂ ಟನ್ನಿಗೆ ಕನಿಷ್ಠ 550 ಡಾಲರ್ ಬೆಲೆ ಮತ್ತು 40% ಸುಂಕ ಇತ್ತು. ಸುಂಕ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಪಟ್ಟಣದ ಅಡುಗೆಮನೆಗೆ ಅಗ್ಗ ಆಗಲಿ ಅಂತ ಮಾಡಿದ್ದು. ಬಸವನಬಾಗೇವಾಡಿ, ಬಾಗಲಕೋಟೆ ಕಡೆ ಉಳ್ಳಾಗಡ್ಡಿ ಬೆಳೆದವರನ್ನು ಕೇಳಿ ನೋಡು, ಆ ಅಗ್ಗ ಯಾರ ಕಿಸೆಯಿಂದ ಬಂತು ಅಂತ. ಮಣೂಕ ಬೆಳೆಯುವವನಿಗೆ ಬಾಗಿಲು ಹಾಕಬೇಕು, ಉಳ್ಳಾಗಡ್ಡಿ ಬೆಳೆಯುವವನಿಗೆ ಬಾಗಿಲು ತೆರೆಯಬೇಕು. ಇಬ್ಬರೂ ಒಂದೇ ಓಣಿಯವರು. ಕೆಲವು ಮನೆಯಲ್ಲಿ ಇಬ್ಬರೂ ಒಬ್ಬನೇ.

ಇನ್ನು ಹೊರಗಿನ ಮಣೂಕ ಹೇಗೆ ಒಳಗೆ ಬರುತ್ತೆ ಅನ್ನುವುದನ್ನೂ ಅಪ್ಪನಿಗೆ ಹೇಳು. ಸಾಫ್ಟಾ ಅಂತ ದಕ್ಷಿಣ ಏಷ್ಯಾದ ದೇಶಗಳ ಒಪ್ಪಂದ ಇದೆ. 2004ರಲ್ಲಿ ಸಹಿ ಆಗಿ 2006ರಲ್ಲಿ ಜಾರಿಗೆ ಬಂತು. ಅದರಲ್ಲಿ ಅಫ್ಘಾನಿಸ್ತಾನದಂಥ ಬಡ ದೇಶಗಳಿಗೆ ಸುಂಕದಲ್ಲಿ ವಿಶೇಷ ರಿಯಾಯಿತಿ ಉಂಟು. ಬೇರೆ ದೇಶದ ಮಾಲನ್ನು ಅಫ್ಘಾನಿಸ್ತಾನದ ಹೆಸರಿನಲ್ಲಿ ತರುತ್ತಾರೆ ಅನ್ನುವುದು ನಮ್ಮ ಬೆಳೆಗಾರರ ದೂರು. ಅದನ್ನು ತಡೆಯಲು ಇರುವುದೇ "ಮೂಲದ ನಿಯಮ". ಮಾಲು ಯಾವ ನೆಲದಲ್ಲಿ ಬೆಳೆದಿದ್ದು ಎಂದು ಪ್ರಮಾಣಪತ್ರ ತೋರಿಸಬೇಕು. ಒಂದು ಕಾಗದದ ಹಾಳೆ ನಿಮ್ಮ ಶೆಡ್ಡಿನ ರೇಟನ್ನು ಅಲುಗಾಡಿಸುತ್ತೆ. ಇದನ್ನು ಓದುವುದು ಸಣ್ಣ ಕೆಲಸವಲ್ಲ.

ಒಂದು ಕೆಲಸ ಕೊಡುತ್ತೇನೆ. ಎಂ.ಎ. ಸೇರುವುದಕ್ಕೆ ಮೊದಲೇ ಮಾಡು. ನಿಮ್ಮ ಮಣೂಕದ ಒಂದು ಡಬ್ಬಿ ಹಿಡಿದು ಅದರ ದಾರಿ ಬರೆ. ಶೆಡ್ಡಿನಿಂದ ಕೋಲ್ಡ್ ಸ್ಟೋರೇಜ್, ಅಲ್ಲಿಂದ ಹರಾಜು, ಅಡತಿ ಅಂಗಡಿ, ಕೊಂಡವನು, ಮುಂದೆ ಎಲ್ಲಿಗೆ ಅಂತ. ಪಕ್ಕದಲ್ಲೇ ಹಣದ ದಾರಿ ಬರೆ. ಯಾರು ಯಾರಿಗೆ ಎಷ್ಟು ದಿನಕ್ಕೆ ಕೊಟ್ಟರು, ನಡುವೆ ಯಾರು ಸಾಲ ಕೊಟ್ಟರು, ಬಡ್ಡಿ ಎಷ್ಟು. ಮಾಲು ಒಂದು ಕಡೆ ನಡೆಯುತ್ತೆ, ಹಣ ಎದುರು ದಿಕ್ಕಿನಿಂದ ಬರುತ್ತೆ. ಮೊದಲನೆಯದು ಅಂತರರಾಷ್ಟ್ರೀಯ ವ್ಯಾಪಾರ, ಎರಡನೆಯದು ಅಂತರರಾಷ್ಟ್ರೀಯ ಹಣಕಾಸು. ಪೇಪರ್ ಎರಡು, ದಾರಿ ಒಂದೇ. ಒಣದ್ರಾಕ್ಷಿಗೆ ಜಗತ್ತಿನಾದ್ಯಂತ ಸುಂಕದ ಪಟ್ಟಿಯಲ್ಲಿ 080620 ಎಂಬ ಸಂಖ್ಯೆ ಇದೆ. ಹಸಿ ದ್ರಾಕ್ಷಿಗೆ 080610. ಈ ಸಂಖ್ಯೆ ಹಾಕಿ ವಾಣಿಜ್ಯ ಸಚಿವಾಲಯದ ಅಂಕಿಅಂಶದಲ್ಲಿ ಹುಡುಕಿದರೆ ಯಾವ ವರ್ಷ ಯಾವ ದೇಶದಿಂದ ಎಷ್ಟು ಬಂತು ಎಂದು ಸಿಗುತ್ತೆ. ಅಪ್ಪನಿಗೆ ರೇಟ್ ನೆನಪಿರುತ್ತೆ. ಅವರ ನೆನಪು, ಈ ಅಂಕಿ, ಎರಡನ್ನೂ ಪಕ್ಕ ಪಕ್ಕ ಇಡು. ಬರೆದಿದ್ದನ್ನು ನನಗೆ ಕಳಿಸು. ನಾನು ಓದುತ್ತೇನೆ.

ಪ್ರಶ್ನೆ: ಬ್ಯಾಂಕಿನಲ್ಲಿರುವ ಕರೆಂಟ್ ಅಕೌಂಟೂ ದೇಶದ ಕರೆಂಟ್ ಅಕೌಂಟೂ ಒಂದೇನಾ? ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ, ಕೇಳಲು ನಾಚಿಕೆ. (ಬಿ.ಕಾಂ. ವಿದ್ಯಾರ್ಥಿ, ಜಮಖಂಡಿ)

ಒಂದೇ ಅಲ್ಲ ತಮ್ಮಾ. ನಾಚಿಕೆ ಬೇಡ, ಎಂ.ಎ. ಓದುವವರಲ್ಲೂ ಅರ್ಧ ಜನ ಇಲ್ಲಿ ಎಡವುತ್ತಾರೆ. ಬ್ಯಾಂಕಿನದು ವ್ಯಾಪಾರಸ್ಥರು ಇಡುವ ಖಾತೆ. ದೇಶದ್ದು, ಹೊರದೇಶಗಳ ಜೊತೆ ಒಂದು ವರ್ಷದಲ್ಲಿ ನಡೆದ ಕೊಡುಕೊಳ್ಳುವಿಕೆಯ ಲೆಕ್ಕ. ಸರಕು, ಸಾಫ್ಟ್‌ವೇರಿನಂಥ ಸೇವೆ, ಬಡ್ಡಿ, ಡಿವಿಡೆಂಡ್, ದುಬೈನಿಂದ ನಮ್ಮವರು ಮನೆಗೆ ಕಳಿಸುವ ಹಣ, ಎಲ್ಲ ಇದರಲ್ಲಿ ಸೇರುತ್ತೆ. ಕಾರ್ಖಾನೆ ಹಾಕಲು, ಶೇರು ಕೊಳ್ಳಲು, ಸಾಲವಾಗಿ ಬಂದ ಹಣ ಬೇರೆ ಪಟ್ಟಿಗೆ ಹೋಗುತ್ತೆ. ಮನೆಯಲ್ಲಿ ದುಡಿಮೆಗಿಂತ ಖರ್ಚು ಜಾಸ್ತಿ ಆದರೆ ಸಾಲ ತರಬೇಕು, ಇಲ್ಲವೇ ಇಟ್ಟ ಗಂಟು ಒಡೆಯಬೇಕು. ದೇಶಕ್ಕೂ ಅಷ್ಟೇ.

ಪ್ರಶ್ನೆ: ವ್ಯಾಪಾರದ ಪಾಠ ನನಗೆ ಇಷ್ಟ. ಹಣಕಾಸು ಅಂದರೆ ಶೇರು ಮಾರ್ಕೆಟ್ ತಾನೆ? ಅದನ್ನು ಅರ್ಥಶಾಸ್ತ್ರದವರು ಯಾಕೆ ಓದಬೇಕು? (ಎಂ.ಎ. ಮೊದಲ ವರ್ಷ, ಬಾಗಲಕೋಟೆ)

1991ರ ಜುಲೈ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಸರ್ ಕ್ಲಾಸಿಗೆ ಪುಸ್ತಕ ತರಲಿಲ್ಲ, ಪೇಪರ್ ತಂದರು. ರೂಪಾಯಿ ಬೆಲೆ ಇಳಿಸಿದ್ದಾರೆ ಎಂದರು. ಜುಲೈ 1ಕ್ಕೆ ಒಮ್ಮೆ, 3ಕ್ಕೆ ಇನ್ನೊಮ್ಮೆ. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಒತ್ತೆ ಇಟ್ಟಿತು. ಮೇ ತಿಂಗಳಲ್ಲೇ 20 ಟನ್ ಚಿನ್ನ ಸ್ವಿಟ್ಜರ್‌ಲ್ಯಾಂಡ್‌ಗೆ ಹೋಗಿತ್ತು. ನಮ್ಮ ಕಡೆ ಮನೆ ಹೆಣ್ಣುಮಗಳ ಕೊರಳಿನ ಬಂಗಾರ ಅಡವಿಡುವುದು ಕೊನೆಯ ದಾರಿ. ದೇಶ ಆ ದಾರಿಗೆ ಬಂದಿತ್ತು. ಹಾಸ್ಟೆಲಿನಲ್ಲಿ ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಅದು ಇವತ್ತಿಗೂ ನೆನಪಿದೆ.

ಯಾಕೆ ಹಾಗಾಯಿತು? ನಾವು ಕೊಳ್ಳುವ ಎಣ್ಣೆಗೆ ಡಾಲರ್ ಬೇಕಿತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್ ಮೇಲೆ ನುಗ್ಗಿತು, ಎಣ್ಣೆ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ಕಮ್ಮಿಯಾಯಿತು. ಅನಿವಾಸಿಗಳು ತಮ್ಮ ಠೇವಣಿ ವಾಪಸ್ ತೆಗೆದರು. ಹೊರಗಿನ ಬ್ಯಾಂಕುಗಳು ಹೊಸ ಸಾಲ ಕೊಡಲಿಲ್ಲ. ಉಳಿದಿದ್ದ ಡಾಲರ್ ಮೂರು ವಾರದ ಆಮದಿಗೂ ಸಾಲುತ್ತಿರಲಿಲ್ಲ. ನೋಡು, ಇದರಲ್ಲಿ ಶೇರು ಮಾರ್ಕೆಟ್ ಎಲ್ಲಿದೆ? ಇದೆಲ್ಲ ಅಂತರರಾಷ್ಟ್ರೀಯ ಹಣಕಾಸು. ಸರಕಿನ ವ್ಯಾಪಾರ ನಡೆಯುವುದು ಈ ಹಣದ ಹರಿವಿನ ಮೇಲೆ. ಹರಿವು ನಿಂತರೆ ಹಡಗೂ ನಿಲ್ಲುತ್ತೆ.

ನಿನ್ನ ಸಿಲಬಸ್ಸಿನಲ್ಲಿ ಮಂಡೆಲ್–ಫ್ಲೆಮಿಂಗ್ ಮಾದರಿ ಬರುತ್ತೆ. ಅದರಿಂದ ಹೊರಡುವ ಒಂದು ಮಾತು ಗಟ್ಟಿಯಾಗಿ ಹಿಡಿ. ಒಂದು ದೇಶ ವಿನಿಮಯ ದರವನ್ನು ಕಟ್ಟಿಹಾಕಬೇಕು, ಬಂಡವಾಳವನ್ನು ಮುಕ್ತವಾಗಿ ಒಳಗೂ ಹೊರಗೂ ಬಿಡಬೇಕು, ಬಡ್ಡಿ ದರವನ್ನೂ ತನ್ನಿಷ್ಟದಂತೆ ಇಡಬೇಕು ಅಂದರೆ ಆಗುವುದಿಲ್ಲ. ಮೂರರಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಬಹುದು. 1994ರ ಆಗಸ್ಟ್‌ನಲ್ಲಿ ಭಾರತ ಸರಕು, ಸೇವೆಯ ಪಾವತಿಗೆ ರೂಪಾಯಿಯನ್ನು ಮುಕ್ತ ಮಾಡಿತು. ಬಂಡವಾಳಕ್ಕೆ ಇವತ್ತಿಗೂ ಪೂರ್ತಿ ಮುಕ್ತ ಮಾಡಿಲ್ಲ. ಯಾಕೆ ಅಂತ ಕೇಳಿಕೊಂಡು ಆ ಅಧ್ಯಾಯ ಓದು. ರೇಖೆಗಳು ತಾವಾಗಿಯೇ ಅರ್ಥ ಆಗುತ್ತವೆ.

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಕಾಸ್ಟಿಂಗ್, ಅಂದರೆ ಎರಕದ ಮಾಲು, ಯುರೋಪಿಗೆ ಹೋಗುತ್ತೆ. ರೂಪಾಯಿ ಬಿದ್ದರೆ ರಫ್ತು ಮಾಡುವವರಿಗೆ ಲಾಭ ಅಂತ ಪುಸ್ತಕ ಹೇಳುತ್ತೆ. ನಮ್ಮ ಮಾಲಕರು "ಎಲ್ಲಿ ಬಂತು ಲಾಭ?" ಅಂತಾರೆ. ಸಂಜೆ ಓದಿ ಎಂ.ಎ. ಮಾಡುವ ಯೋಚನೆ ಇದೆ. ಯಾರ ಮಾತು ಸರಿ?

ಇಬ್ಬರ ಮಾತೂ ಸರಿ. ನೀವು ಲೆಕ್ಕದ ಪುಸ್ತಕವನ್ನೇ ಇಟ್ಟುಕೊಂಡಿದ್ದೀರಿ, ಹಾಗಾಗಿ ಅದರಲ್ಲೇ ತೋರಿಸುತ್ತೇನೆ.

ಬಿಲ್ಲು 1 ಲಕ್ಷ ಡಾಲರ್ ಅಂತ ಇರಲಿ. ಡಾಲರ್ 84 ಇದ್ದದ್ದು 87 ಆದರೆ ಕೈಗೆ 84 ಲಕ್ಷದ ಬದಲು 87 ಲಕ್ಷ ಬರಬೇಕು. ಆದರೆ ನಿಮ್ಮ ಮಾಲಕರು ಮೂರು ತಿಂಗಳ ಹಿಂದೆಯೇ ಬ್ಯಾಂಕಿನಲ್ಲಿ 84.50ಕ್ಕೆ ಫಾರ್ವರ್ಡ್ ಬುಕ್ ಮಾಡಿದ್ದರೆ, ಅಂದರೆ ಮುಂದೆ ಬರುವ ಡಾಲರಿಗೆ ಅವತ್ತೇ ದರ ಗೊತ್ತು ಮಾಡಿಕೊಂಡಿದ್ದರೆ, ಬರುವುದು 84.50 ಲಕ್ಷವೇ. ಅವರು ಲಾಭ ಬಿಟ್ಟುಕೊಟ್ಟು ನಿಶ್ಚಿಂತೆ ಕೊಂಡಿದ್ದಾರೆ. ಅದು ತಪ್ಪಲ್ಲ. ಕೂಲಿ ಪ್ರತಿ ಶನಿವಾರ ಕೊಡಬೇಕಾದವರಿಗೆ ನಿಶ್ಚಿಂತೆಯೇ ದೊಡ್ಡದು.

ಇನ್ನು ಖರ್ಚಿನ ಬದಿ. ಕುಲುಮೆಗೆ ಹಾಕುವ ಕೋಕ್ ಆಗುವ ಕಲ್ಲಿದ್ದಲಿನ ದೊಡ್ಡ ಪಾಲು ಹೊರದೇಶದಿಂದ ಬರುತ್ತೆ. ಸ್ಕ್ರ್ಯಾಪಿನ ಬೆಲೆ ಲೋಕದ ಮಾರುಕಟ್ಟೆ ನೋಡಿ ಏರುತ್ತೆ. ಹಡಗಿನ ಬಾಡಿಗೆ ಡಾಲರಿನಲ್ಲಿ. ರೂಪಾಯಿ ಬಿದ್ದರೆ ಇವೆಲ್ಲ ತುಟ್ಟಿ. ಏರದೆ ಉಳಿಯುವುದು ಕೂಲಿ, ಕರೆಂಟ್ ಬಿಲ್ಲು, ಶೆಡ್ಡಿನ ಬಾಡಿಗೆ. ಆ ಪಾಲು ಎಷ್ಟಿದೆಯೋ ಅಷ್ಟೇ ನಿಮ್ಮ ನಿಜವಾದ ಲಾಭ. ಮೂರನೆಯದು, ಕೊಳ್ಳುವವನೂ ಪೇಪರ್ ಓದುತ್ತಾನೆ. "ನಿಮ್ಮ ರೂಪಾಯಿ ಬಿದ್ದಿದೆಯಲ್ಲ, ರೇಟ್ ಇಳಿಸಿ" ಎಂದು ಮುಂದಿನ ಆರ್ಡರಿನಲ್ಲಿ ಕೇಳುತ್ತಾನೆ.

ಯುರೋಪಿಗೆ ಹೋಗುವ ಮಾಲಿಗೂ ಡಾಲರ್‌ನಲ್ಲಿ ಬಿಲ್ಲು ಮಾಡುತ್ತೀರಾ, ಯೂರೋದಲ್ಲಾ? ಇದನ್ನು ನೀವು ಬರೆದಿಲ್ಲ. ಆದರೆ ಇಡೀ ವಿಷಯದ ಕೀಲಿ ಅದೇ. ಹಳೆಯ ಪುಸ್ತಕಗಳು ಮಾರುವವನು ತನ್ನ ದೇಶದ ಹಣದಲ್ಲಿ ಬೆಲೆ ಹೇಳುತ್ತಾನೆ ಎಂದು ಹಿಡಿದು ಲೆಕ್ಕ ಹಾಕಿದವು. ಲೋಕದಲ್ಲಿ ನಡೆಯುವುದು ಹಾಗಲ್ಲ. ಅಮೆರಿಕಕ್ಕೆ ಸಂಬಂಧವೇ ಇಲ್ಲದ ವ್ಯಾಪಾರವೂ ಬಹಳಷ್ಟು ಡಾಲರಿನಲ್ಲೇ ನಡೆಯುತ್ತೆ. ಇದನ್ನು ಅಂಕಿ ಸಮೇತ ತೋರಿಸಿದವರಲ್ಲಿ ಗೀತಾ ಗೋಪಿನಾಥ್ ಪ್ರಮುಖರು. ಅವರು ಶಾಲೆ ಓದಿದ್ದು ನಮ್ಮ ಮೈಸೂರಿನಲ್ಲಿ. ಮುಂದೆ ಐಎಂಎಫ್‌ನ, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ, ಮುಖ್ಯ ಅರ್ಥಶಾಸ್ತ್ರಜ್ಞೆ ಆದರು. ರೂಪಾಯಿ ಬಿದ್ದ ಕೂಡಲೇ ರಫ್ತು ಯಾಕೆ ಜಿಗಿಯುವುದಿಲ್ಲ ಎಂಬುದಕ್ಕೆ ಈ ಕೆಲಸದಲ್ಲಿ ಒಳ್ಳೆಯ ಉತ್ತರ ಇದೆ. ಡಾಲರಿನಲ್ಲಿ ಬೆಲೆ ಅಷ್ಟೇ ಇದ್ದರೆ, ಹೊರಗೆ ಕೊಳ್ಳುವವನಿಗೆ ಅಗ್ಗ ಅಂತ ಅನಿಸುವುದೇ ಇಲ್ಲವಲ್ಲ!

ನೀವು ಎಂ.ಎ. ಮಾಡಿ. ಕೆಲಸ ಬಿಡಬೇಡಿ. ಕ್ಲಾಸಿನಲ್ಲಿ ಕೂತ ಉಳಿದವರಿಗೆ ಬಿಲ್ ಆಫ್ ಲೇಡಿಂಗ್ (ಮಾಲು ಹಡಗು ಹತ್ತಿದ್ದಕ್ಕೆ ಸಿಗುವ ಕಾಗದ) ಅಂದರೆ ಪರೀಕ್ಷೆಯ ಎರಡು ಮಾರ್ಕು. ನಿಮಗೆ ಅದು ದಿನದ ಕಾಗದ. ಒಂದು ಎಚ್ಚರಿಕೆ ಮಾತ್ರ ನೆನಪಿಡಿ. ಲೆಟರ್ ಆಫ್ ಕ್ರೆಡಿಟ್, ಅಂದರೆ ಕೊಳ್ಳುವವನ ಪರವಾಗಿ ಹಣ ಕೊಡುತ್ತೇನೆ ಎಂಬ ಬ್ಯಾಂಕಿನ ಭರವಸೆ ಪತ್ರ, ಇದ್ದಾಗ ಬ್ಯಾಂಕು ಕಾಗದ ನೋಡುತ್ತೆ, ಮಾಲು ನೋಡುವುದಿಲ್ಲ. ಈ ಪತ್ರಗಳಿಗೆ 2007ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳ ಬುಡವೇ ಇದು. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ರಫ್ತು ಅಂಗಡಿಯೊಂದರಲ್ಲಿದ್ದ. ಹಡಗು ಹತ್ತಿದ ದಿನಾಂಕ, ಕೊನೆಯ ಗಡುವು ಮುಗಿದ ಮರುದಿನ ಬಿದ್ದಿತ್ತು. ಒಂದೇ ದಿನ. ಮಾಲು ಚೆನ್ನಾಗಿತ್ತು. ಬ್ಯಾಂಕು ಹಣ ತಡೆಯಿತು, ಕೊಳ್ಳುವವನು ಅದೇ ನೆಪದಲ್ಲಿ ಬೆಲೆ ಇಳಿಸಿಕೊಂಡ. ಆ ಹುಡುಗ ನನ್ನ ಮುಂದೆ ಕೂತು ಕಣ್ಣೀರು ಹಾಕಿದ. ನಾನು ಸಿದ್ಧಾಂತವನ್ನು ಎಷ್ಟು ಕಲಿಸಿದ್ದೆ, ಈ ಕಾಗದಗಳನ್ನು ಎಷ್ಟು ಕಡಿಮೆ ಕಲಿಸಿದ್ದೆ ಎಂದು ಅವತ್ತು ಗೊತ್ತಾಯಿತು. ಆಮೇಲೆ ಪ್ರತಿ ವರ್ಷ ಎರಡು ದಿನ ಬರೀ ಕಾಗದಗಳನ್ನೇ ಹಂಚಿ ಓದಿಸುತ್ತೇನೆ.

ಪ್ರಶ್ನೆ: ಅಕ್ಕಾವ್ರೇ, ನಾವು ಇಳಕಲ್ಲಿನವರು, ಮನೆಯಲ್ಲಿ ಎರಡು ಮಗ್ಗ. ಮಗಳು ಡಿಗ್ರಿ ಮುಗಿಸುತ್ತಾಳೆ. ದೆಹಲಿಯಲ್ಲಿ ವ್ಯಾಪಾರ ಮತ್ತು ಹಣಕಾಸಿನದೇ ಎಂ.ಎ. ಇದೆಯಂತೆ, ಅದಕ್ಕೆ ಹೋಗುತ್ತೇನೆ ಅಂತಾಳೆ. ಗಣಿತ ಪಿಯುಸಿಯಲ್ಲಿ ತೆಗೆದುಕೊಂಡಿರಲಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೇ. ಮನೆಯವರು ಬೇಡ ಅಂತಾರೆ. ಕಳಿಸಲಾ? ಓದಿ ಏನು ಕೆಲಸ ಸಿಗುತ್ತೆ?

ಅಕ್ಕಾ, ಮಗಳು ಹೇಳಿದ್ದು ನಿಜ. ದೆಹಲಿಯ ಐಐಎಫ್‌ಟಿ, ಅಂದರೆ 1963ರಲ್ಲಿ ಕೇಂದ್ರ ಸರಕಾರ ಕಟ್ಟಿದ ವಿದೇಶಿ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಪಾರ ಮತ್ತು ಹಣಕಾಸನ್ನೇ ಮುಖ್ಯ ಮಾಡಿದ ಅರ್ಥಶಾಸ್ತ್ರ ಎಂ.ಎ. ಇದೆ. ಪ್ರವೇಶದ ನಿಯಮ, ಫೀಸು ವರ್ಷ ವರ್ಷ ಬದಲಾಗುತ್ತವೆ. ಸಂಸ್ಥೆಯ ಪ್ರಕಟಣೆಯನ್ನೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ. ಅದೊಂದೇ ಬಾಗಿಲಲ್ಲ. ಬೆಂಗಳೂರಿನಲ್ಲಿ ಅಂಬೇಡ್ಕರ್ ಹೆಸರಿನ ಅರ್ಥಶಾಸ್ತ್ರ ವಿಶ್ವವಿದ್ಯಾಲಯ ಇದೆ. ಪುಣೆಯ ಗೋಖಲೆ ಸಂಸ್ಥೆ 1930ರಿಂದ ನಡೆಯುತ್ತಿದೆ, ಇಳಕಲ್ಲಿನಿಂದ ರಾತ್ರಿ ಬಸ್ಸಿನ ದೂರ. ಹೈದರಾಬಾದ್ ವಿಶ್ವವಿದ್ಯಾಲಯ ಇದೆ. ಮನೆಯ ಹತ್ತಿರವೇ ಬೇಕೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ನಮ್ಮ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ನಾನು ಧಾರವಾಡದಲ್ಲೇ ಓದಿದವಳು. ಅಲ್ಲಿ ಓದಿದರೆ ಕಡಿಮೆ ಆಗುತ್ತೆ ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ದೆಹಲಿಯಲ್ಲಿ ವಾಣಿಜ್ಯ ಸಚಿವಾಲಯ, ರಫ್ತು ಮಂಡಳಿಗಳು, ಒಪ್ಪಂದ ಬರೆಯುವವರು ಎಲ್ಲ ಪಕ್ಕದಲ್ಲೇ ಇರುತ್ತಾರೆ. ಆ ಗಾಳಿ ಇಲ್ಲಿ ಸಿಗುವುದಿಲ್ಲ.

ಗಣಿತದ ಮಾತು ಮುಚ್ಚಿಡುವುದಿಲ್ಲ. ಬೇಕೇ ಬೇಕು. ಡಿಫರೆನ್ಶಿಯೇಶನ್, ಮ್ಯಾಟ್ರಿಕ್ಸ್, ಸಂಭವನೀಯತೆ, ರಿಗ್ರೆಶನ್, ಇಷ್ಟು ಬರದಿದ್ದರೆ ಮೊದಲ ಸೆಮಿಸ್ಟರಿನಲ್ಲೇ ಉಸಿರು ಕಟ್ಟುತ್ತೆ. ಆದರೆ ಇದು ಹುಟ್ಟಿನಿಂದ ಬರುವುದಲ್ಲ. ದಿನಕ್ಕೆ ಎರಡು ತಾಸಿನಂತೆ ಒಂದು ವರ್ಷ ಕೂತರೆ ಬರುತ್ತೆ. ಪಿಯುಸಿ ಗಣಿತದ ಪುಸ್ತಕಗಳಿಂದ ಶುರು ಮಾಡಲಿ. ಒಂದು ವರ್ಷ ಹೋಗುತ್ತೆ ಅಂತ ಹೆದರಬೇಡಿ. ಓಡಿ ಸೇರಿ ಅರ್ಧಕ್ಕೆ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ತಯಾರಾಗಿ ಹೋದವರು ಯಾರೂ ಹಾಗೆ ಅರ್ಧಕ್ಕೆ ಬಿಟ್ಟು ಬರಲಿಲ್ಲ. ಇಂಗ್ಲಿಷ್ ಅದಕ್ಕಿಂತ ಸುಲಭ. ದಿನಾ ಒಂದು ಆರ್ಥಿಕ ಪತ್ರಿಕೆಯ ಒಂದೇ ಸುದ್ದಿ ಓದಿ, ಅದನ್ನು ನಿಮಗೆ ಕನ್ನಡದಲ್ಲಿ ಹೇಳಲಿ. ನೀವು ಮಗ್ಗದ ಮುಂದೆ ಕೂತೇ ಕೇಳಬಹುದು. ನಿಮಗೆ ಅರ್ಥ ಆದರೆ ಅವಳಿಗೆ ಅರ್ಥ ಆಗಿದೆ ಅಂತ ಲೆಕ್ಕ.

ಕೆಲಸದ ಬಗ್ಗೆ. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದ ಎಂ.ಎ. ಬೇಕು, ವಯಸ್ಸು 21ರಿಂದ 30. ಆ ಪರೀಕ್ಷೆಯಲ್ಲಿ ಅಂತರರಾಷ್ಟ್ರೀಯ ಅರ್ಥಶಾಸ್ತ್ರ ದೊಡ್ಡ ಭಾಗ. ರಿಸರ್ವ್ ಬ್ಯಾಂಕ್ ತನ್ನ ಸಂಶೋಧನಾ ವಿಭಾಗಕ್ಕೆ ಇಂಥವರನ್ನೇ ತೆಗೆದುಕೊಳ್ಳುತ್ತೆ. ಬ್ಯಾಂಕುಗಳ ವಿದೇಶಿ ವಿನಿಮಯ ವಿಭಾಗ, ರಫ್ತು ಕಂಪನಿಗಳು, ರಫ್ತು ಸಾಲಕ್ಕೆ ವಿಮೆ ಕೊಡುವ ಇಸಿಜಿಸಿ, ರಫ್ತು-ಆಮದಿಗೆ ಸಾಲ ಕೊಡುವ ಎಕ್ಸಿಮ್ ಬ್ಯಾಂಕ್, ಸಂಶೋಧನಾ ಸಂಸ್ಥೆಗಳು, ಕಾಲೇಜು. ಎಲ್ಲರಿಗೂ ಮೊದಲ ವರ್ಷವೇ ದೊಡ್ಡ ಸಂಬಳ ಬರುವುದಿಲ್ಲ. ಬೇಗ ಕೆಲಸಕ್ಕೆ ಸೇರುವುದೇ ಮುಖ್ಯ ಅಂದರೆ ಎಂ.ಬಿ.ಎ. ಹತ್ತಿರದ ದಾರಿ, ಅಲ್ಲಿ ಮಾರುವುದನ್ನು ಕಲಿಸುತ್ತಾರೆ. ಎಂ.ಎ.ದಲ್ಲಿ ಯಾಕೆ ಹೀಗೆ ನಡೆಯುತ್ತೆ ಅಂತ ಕೇಳಲು ಕಲಿಸುತ್ತಾರೆ. ನಿಮ್ಮ ಮಗಳಿಗೆ ಯಾವುದು ಬೇಕು ಅಂತ ಅವಳನ್ನೇ ಕೇಳಿ.

ಮನೆಯವರಿಗೆ ಒಂದು ಮಾತು ನೀವೇ ಹೇಳಿ ನೋಡಿ. ಸೆರಗಿಗೆ ಹಾಕುವ ರೇಷ್ಮೆ ನೂಲು ತುಟ್ಟಿಯಾದಾಗ ಅಂಗಡಿಯವನು "ಚೀನಾದ ಮಾಲು ಬಂದಿಲ್ಲ" ಅನ್ನುವುದನ್ನು ಅವರು ಕೇಳಿರುತ್ತಾರೆ. ಕಚ್ಚಾ ರೇಷ್ಮೆ ಚೀನಾದಿಂದ ಬರುತ್ತೆ, ಅದಕ್ಕೆ ಸುಂಕ ಬೀಳುತ್ತೆ. ಸುಂಕ ಏರಿದರೆ ರಾಮನಗರದ ಗೂಡು ಬೆಳೆಗಾರನಿಗೆ ಒಳ್ಳೆಯದು, ಇಳಕಲ್ಲಿನ ನೇಕಾರನಿಗೆ ಹೊರೆ. ಸುಂಕ ಇಳಿದರೆ ಅದು ತಿರುವುಮುರುವು. ಆ ಸುಂಕ ಎಷ್ಟಿರಬೇಕು ಎಂದು ದೆಹಲಿಯಲ್ಲಿ ಕೂತು ಲೆಕ್ಕ ಹಾಕುವವರಲ್ಲಿ ಟೋಪ ತೆನಿ ಸೆರಗು ಹೇಗೆ ನೇಯುತ್ತಾರೆ ಅಂತ ಗೊತ್ತಿರುವವರು ಎಷ್ಟು ಜನ? ನಿಮ್ಮ ಮಗಳಿಗೆ ಗೊತ್ತಿದೆ. ನನ್ನ ಕೇಳಿದರೆ, ಕಳಿಸಿ. ಮೊದಲು ಆ ಒಂದು ವರ್ಷ ಗಣಿತಕ್ಕೆ ಕೊಡಿ. ಆ ವರ್ಷ ವಾರಕ್ಕೊಮ್ಮೆ ಅವಳು ವಿಜಯಪುರಕ್ಕೆ ಬಂದರೆ ನನ್ನ ಹಳೆಯ ನೋಟ್ಸು, ಪುಸ್ತಕ ಎಲ್ಲ ಅವಳಿಗೆ. ಕೂತು ಲೆಕ್ಕ ಮಾಡಲು ಒಂದು ಟೇಬಲ್ಲೂ ಮನೆಯಲ್ಲಿದೆ.